ತೂಬು ತೆಗೆದವಳು

ಅಕ್ಕನ ಮಾತು ಬಂದಾಗಲೆಲ್ಲ ನಮ್ಮ ನೆಂಟರು, "ಒಳ್ಳೆಯ ಹೆಂಗಸು, ವಿಪರೀತ ಅನುಮಾನ ಅಷ್ಟೆ" ಎನ್ನುತ್ತಿದ್ದರು. ಹಾಗೆನ್ನುವಾಗ ಅವರ ಮುಖದಲ್ಲಿ ಒಂದು ಸಣ್ಣ ನಗು ಸುಳಿಯುತ್ತಿತ್ತು. ಅನುಮಾನದ ವಿಷಯ ನಿಜ. ಆ ನಗು ಮಾತ್ರ ಅವಳಿಗೆ ಸಲ್ಲಬೇಕಾದದ್ದಲ್ಲ. ಅದು ಅವಳಿಗೆ ಅಂಟಿಕೊಂಡದ್ದು ನನ್ನಿಂದ. ನಾನು ಲೋಯರ್ ಸೆಕೆಂಡರಿಯಲ್ಲಿ ಡುಮ್ಕಿ ಹೊಡೆದು ಮಾಮೂಲ್‌ಪೇಟೆಯ ನಮ್ಮ ಗೋಣಿಚೀಲದ ಅಂಗಡಿಯಲ್ಲಿ ಕೂತವನು. ಬರೆದು ಅಭ್ಯಾಸವಿಲ್ಲ. ಆದರೂ ಇದನ್ನು ಬೇರೆ ಯಾರೂ ಬರೆಯಲಾರರು, ಏಕೆಂದರೆ ಬೇರೆ ಯಾರಿಗೂ ಗೊತ್ತಿರಲಿಲ್ಲ.

ನಾವು ಮೂವರು ಮಕ್ಕಳು. ಅಕ್ಕ ಎಲ್ಲರಿಗಿಂತ ದೊಡ್ಡವಳು, ಆಮೇಲೆ ಅಣ್ಣ, ಕೊನೆಯವನು ನಾನು. ಅಕ್ಕನನ್ನು ತುಮಕೂರಿನ ಕಡೆ ಕೊಟ್ಟಿದ್ದರು. ಅಣ್ಣನ ಮದುವೆಗೆಂದು ಅವಳು ತವರಿಗೆ ಬಂದಿದ್ದಾಗ ಭಾವನಿಗೆ ಹುಷಾರಿಲ್ಲವಾಯಿತು. ಅಲ್ಲಿಂದ ಬಂದವನು, "ಏನೂ ಇಲ್ಲ, ಸುಮ್ಮನೆ ಜ್ವರ, ಮದುವೆ ಮುಗಿಸಿಕೊಂಡೇ ಬರಲಿ ಅಂದಿದಾರೆ" ಎಂದು ಹೇಳಿದ. ಅವಳು ಮದುವೆ ಮುಗಿಸಿಕೊಂಡು ಹೋದಳು. ಹೋಗುವ ಹೊತ್ತಿಗೆ ಎಲ್ಲ ಮುಗಿದಿತ್ತು. ಚಾಮರಾಜಪೇಟೆಯ ನಮ್ಮ ಮನೆಗೆ ಅವಳು ತಿರುಗಿ ಬಂದದ್ದು ವಿಧವೆಯಾಗಿ. ಆವತ್ತಿನಿಂದ 'ಏನೂ ಇಲ್ಲ' ಎಂದು ಯಾರು ಹೇಳಿದರೂ ಅವಳು ಎದ್ದು ಹೋಗಿ ನೋಡಿ ಬರುವವಳಾದಳು.

ಹಾಲಿನವನು ಬಂದರೆ ಹೆಬ್ಬೆರಳಿನ ಉಗುರಿನ ಮೇಲೆ ಒಂದು ಹನಿ ಬಿಟ್ಟುಕೊಂಡು ಕೈ ಓರೆ ಮಾಡುತ್ತಿದ್ದಳು. ಹನಿ ಬೇಗ ಜಾರಿದರೆ ಅವನ ಗತಿ ಮುಗಿಯಿತು.

"ಏನಪ್ಪ, ನಿನ್ನ ಹಸು ಇವತ್ತು ಕೆರೇಲಿ ನಿಂತಿತ್ತಾ?"

"ಎಂಥ ಮಾತಕ್ಕಾ, ಅದು ಕೊಟ್ಟಿಗೆ ಬಿಟ್ಟು ಆಚೆ ಬಂದಿಲ್ಲ."

"ಹಾಗಾದ್ರೆ ನೀನು ನಿಂತಿದ್ದೆ."

ಅಕ್ಕಿ ಅಳೆಯುವ ಸೇರನ್ನು ಬೋರಲು ಹಾಕಿ ತಳ ತಟ್ಟುತ್ತಿದ್ದಳು. ಎಣ್ಣೆಯನ್ನು ಬೆರಳಲ್ಲಿ ತಿಕ್ಕಿ ಮೂಸುತ್ತಿದ್ದಳು. ಜಟಕಾದವನು ಸುತ್ತಿನ ದಾರಿ ಹಿಡಿದರೆ ಗಾಡಿಯಲ್ಲೇ ಎದ್ದು ನಿಲ್ಲುತ್ತಿದ್ದಳು. ಒಮ್ಮೆ ಅಣ್ಣ ರೇಗಿಕೊಂಡು, "ಎಲ್ಲಾ ನೋಡ್ಕೊಳ್ಳೋಕೆ ಮೇಲೆ ಶಿವ ಇದಾನೆ ಕಣಕ್ಕಾ" ಎಂದಾಗ, "ಇದಾನೆ, ಇಲ್ಲ ಅಂದೋರ್ಯಾರು? ನಾವೂ ಒಂದ್ಸಲ ನೋಡ್ಕೊಂಡ್ರೆ ಅವನೇನು ಬೇಜಾರು ಮಾಡ್ಕೊಳಲ್ಲ" ಎಂದಳು.

ಅವಳ ಸೊಂಟದಲ್ಲಿ ಯಾವಾಗಲೂ ಎರಡು ವಸ್ತುಗಳಿರುತ್ತಿದ್ದವು. ಒಂದು ಉಗ್ರಾಣದ ಬೀಗದ ಕೈ ಗೊಂಚಲು. ಇನ್ನೊಂದು, ಒಗೆದು ಒಗೆದು ತೆಳ್ಳಗಾದ ಬಿಳಿ ಬಟ್ಟೆಯ ತುಂಡು. ನೀರನ್ನು ಸೋಸಿಯೇ ಕುಡಿಯುವುದು ನಮ್ಮ ಮನೆತನದಲ್ಲಿ ಹಿಂದಿನಿಂದ ಬಂದ ಪದ್ಧತಿ. ಮನೆಗೆ ನಲ್ಲಿ ಬಂದ ಮೇಲೆ ನಾವೆಲ್ಲ ಬಿಟ್ಟೆವು. ಅವಳು ಬಿಡಲಿಲ್ಲ.

"ಶುದ್ಧ ಮಾಡೇ ಬಿಡ್ತಾರೆ ಕಣಕ್ಕಾ" ಎಂದು ನಾನು ಹೇಳಿದರೆ, "ಬಿಡೋನ್ಯಾರು, ನಿನ್ನ ಷಡ್ಕನಾ?" ಎಂದು ಕೇಳುತ್ತಿದ್ದಳು.

ಇಷ್ಟಾದರೂ ಅವಳು ಕೈ ಬಿಗಿಯ ಹೆಂಗಸಲ್ಲ. ಸೋಸಿ, ಮೂಸಿ, ತಟ್ಟಿ ನೋಡಿದ ಮೇಲೆ ಧಾರಾಳವಾಗಿ ಬಡಿಸುತ್ತಿದ್ದಳು. ಅದೇ ಹಾಲಿನವನ ಹೆಂಡತಿ ಬಾಣಂತಿಯಾದಾಗ ತುಪ್ಪ ಕಳಿಸಿದವಳು ಅವಳು. ಕಳಿಸುವ ಮುಂಚೆ ಅದನ್ನೂ ಮೂಸಿಯೇ ಕಳಿಸಿದಳು.

ದೊಡ್ಡ ಯುದ್ಧದಲ್ಲಿ ಗೋಣಿಚೀಲಕ್ಕೆ ಬಂದ ಬೇಡಿಕೆಯಿಂದ ನಮ್ಮ ಅಂಗಡಿ ಮೇಲೆ ಬಂತು. ಯುದ್ಧ ಮುಗಿದು, ದೇಶ ಸ್ವತಂತ್ರವಾಗಿ, ದಂಡಿನ ಬಿಳಿಯರು ಗಂಟು ಕಟ್ಟತೊಡಗಿದಾಗ ಅಣ್ಣ ಅವರಲ್ಲೊಬ್ಬ ದೊರೆಯ ತೋಟವನ್ನು ಕೊಂಡ. ಎನ್.ಆರ್. ಕಾಲೋನಿ ದಾಟಿ, ಹೊಲಗಳ ನಡುವೆ ಇನ್ನೂ ಬಹಳ ದೂರ ಹೋಗಬೇಕು. ಸಪೋಟ, ಸೀಬೆ ಮರಗಳು, ಒಂದು ಹೆಂಚಿನ ಬಂಗಲೆ. ಇವೆಲ್ಲಕ್ಕಿಂತ ಹೆಚ್ಚಿನದು ಅಲ್ಲಿದ್ದ ಕಟ್ಟೆ. ದೊರೆಗೆ ದೋಣಿಯ ಹುಚ್ಚು. ತೋಟದ ನಡುವೆ ಹರಿಯುತ್ತಿದ್ದ ಹಳ್ಳಕ್ಕೆ ಅಡ್ಡಲಾಗಿ ಮಣ್ಣಿನ ಏರಿ ಹಾಕಿಸಿ, ನೀರು ನಿಲ್ಲಿಸಿ, ಭಾನುವಾರ ದೋಣಿ ಬಿಡುವುದು, ಬಾತು ಹೊಡೆಯುವುದು ಮಾಡುತ್ತಿದ್ದನಂತೆ. ಒಂದು ಹೊಲಕ್ಕೂ ಆ ನೀರು ಹೋಗುತ್ತಿರಲಿಲ್ಲ. ಬರೀ ಮೋಜಿಗೆ ಕಟ್ಟಿದ ಕೆರೆ. ನೀರು ಖಾಲಿ ಮಾಡುವುದಕ್ಕೆ ಏರಿಯ ತಳದಲ್ಲಿ ಒಂದು ತೂಬು, ಅದರ ಬಾಯಿಗೆ ಮರದ ಬೆಣೆ. ಹೆಚ್ಚಾದ ನೀರು ತಾನಾಗಿ ಹರಿದುಹೋಗುವುದಕ್ಕೆ ಏರಿಯ ಒಂದು ಕೊನೆಯಲ್ಲಿ ಕಲ್ಲಿನ ಕೋಡಿ.

ಆ ಕೋಡಿ ಅಣ್ಣನ ಕಣ್ಣಿಗೆ ಮುಳ್ಳಾಯಿತು. ಮಳೆಗಾಲದಲ್ಲಿ ಕೆರೆ ತುಂಬಿ ನೀರು ಕೋಡಿಯ ಮೇಲೆ ಹೊರಗೆ ಹೋಗುವುದನ್ನು ನೋಡಿದರೆ ಅವನಿಗೆ ಸಂಕಟ. ಊರ ಕೆರೆ ಕೋಡಿ ಬಿದ್ದರೆ ರೈತರು ಪೂಜೆ ಮಾಡುತ್ತಾರೆ. ನಮ್ಮದು ಪೇಟೆಯ ವ್ಯಾಪಾರದ ಮನೆ. ತುಂಬಿದ್ದು ಚೆಲ್ಲಬಾರದು, ಸಂಜೆಯ ಹೊತ್ತು ಮನೆಯಿಂದ ಉಪ್ಪು ಮೊಸರು ಹೊರಗೆ ಹೋಗಬಾರದು ಎನ್ನುವ ಮನೆ. "ತುಂಬಿದ ಲಕ್ಷ್ಮೀನ ನಾವೇ ಬಾಗಿಲು ತೆಗೆದು ಕಳಿಸಿದ ಹಾಗಿದೆ ಕಣೋ" ಎಂದು ಅಣ್ಣ ಒಂದು ಸಲವಲ್ಲ, ಹತ್ತು ಸಲ ಹೇಳಿದ. ಆಗ ನಾನು ಹೇಳಿದೆ: "ಅದಕ್ಯಾಕೆ ಯೋಚನೆ ಅಣ್ಣ, ನಮ್ಮಂಗಡೀಲಿ ಹಳೇ ಚೀಲಕ್ಕೇನು ಬರವಾ?"

ಅಣ್ಣ ಆವತ್ತು ನನ್ನ ಬೆನ್ನು ತಟ್ಟಿದ. ದಸರೆಯ ಹೊತ್ತಿನ ಮಳೆಗೆ ಮುಂಚೆ ನಾನೇ ನಿಂತು ಗೋಣಿಚೀಲಗಳಿಗೆ ಮಣ್ಣು ತುಂಬಿಸಿ ಕೋಡಿಯ ಮೇಲೆ ಅಡುಕಿಸಿದೆ. ನೀರು ದೊರೆಯ ಕಾಲದಲ್ಲಿ ಎಂದೂ ಏರದಷ್ಟು ಏರಿತು. ದೋಣಿ ನೇರವಾಗಿ ಬಂಗಲೆಯ ಮೆಟ್ಟಿಲಿಗೆ ಬಂದು ತಾಗುವಂತಾಯಿತು. ಓದಿನಲ್ಲಿ, ವ್ಯಾಪಾರದಲ್ಲಿ ಯಾವತ್ತೂ ಭೇಷ್ ಅನ್ನಿಸಿಕೊಳ್ಳದ ನನಗೆ ಅದೊಂದು ದೊಡ್ಡ ಹೆಮ್ಮೆ. ಮುಂದೆ ನಡೆದದ್ದೆಲ್ಲ ಈ ಹೆಮ್ಮೆಯಿಂದ ನಡೆದದ್ದು.

ಸಂಕ್ರಾಂತಿ ಕಳೆದ ಮೇಲೆ ಅಣ್ಣನ ಮಗಳಿಗೆ ಒಳ್ಳೆಯ ಕಡೆ ಗಂಡು ಗೊತ್ತಾಯಿತು. ಬೀಗರನ್ನು ಒಂದು ಭಾನುವಾರ ತೋಟಕ್ಕೆ ಕರೆದು, ಅಲ್ಲೇ ವೀಳ್ಯ ಬದಲಾಯಿಸಿ, ಊಟ ಹಾಕಿ, ದೋಣಿಯಲ್ಲಿ ಸುತ್ತಿಸಬೇಕೆಂದು ಅಣ್ಣನ ಆಸೆ. ಶುಕ್ರವಾರವೇ ಶಾಮಿಯಾನದವರು, ಅಡುಗೆಯವರು ಬಂದರು. ಉಗ್ರಾಣದ ಯಜಮಾನಿ ಅಕ್ಕ. ಅವಳೂ ಬಂದಳು.

ಶಾಮಿಯಾನವನ್ನು ಏರಿಯ ಕೆಳಗೆ, ಹೊರಮಗ್ಗುಲಿನ ತಗ್ಗಿನಲ್ಲಿ ಹಾಕುತ್ತಿದ್ದರು. ತೋಟದ ಉಳಿದ ಕಡೆ ಹುಲ್ಲು ಒಣಗಿ ಚುಚ್ಚುತ್ತಿತ್ತು. ಅಲ್ಲೊಂದು ಕಡೆ ಮಾತ್ರ ಹಚ್ಚಗೆ, ಮೆತ್ತಗೆ, ಕಾಲಿಗೆ ತಂಪು. ಅಕ್ಕ ಚಪ್ಪಲಿ ಬಿಟ್ಟು ಅದರ ಮೇಲೆ ಸ್ವಲ್ಪ ಹೊತ್ತು ನಡೆದಾಡಿದಳು. ಹಾಯಾಗಿದೆ ಎಂದು ನಡೆಯುತ್ತಿದ್ದಾಳೆ ಅಂದುಕೊಂಡೆ.

"ಇಲ್ಯಾಕೋ ಹುಲ್ಲು ಹಸಿರಾಗಿದೆ?"

"ತೋಟ ಅಂದ್ಮೇಲೆ ಹಸಿರಾಗಿರದೆ ಇನ್ನೇನಕ್ಕಾ?"

"ಅಲ್ಲಿ ಒಣಗಿದೆಯಲ್ಲ. ಅದೂ ತೋಟಾನೇ."

ಏರಿಯ ಬುಡದಲ್ಲಿ ಒಂದು ಕಡೆ ನೀರು ಜಿನುಗುತ್ತಿತ್ತು. ಬೆರಳು ಗಾತ್ರಕ್ಕೂ ಕಡಿಮೆ. ಅಕ್ಕ ಕುಕ್ಕರಗಾಲಲ್ಲಿ ಕೂತು ಸೊಂಟದ ಬಿಳಿ ಬಟ್ಟೆಯನ್ನು ಅದಕ್ಕೆ ಒಡ್ಡಿದಳು. ಸ್ವಲ್ಪ ಹೊತ್ತಿಗೆ ಬಟ್ಟೆಯ ನಡುವೆ ಕೆಂಪಗೆ, ನುಣ್ಣಗೆ ಮಣ್ಣು ಕೂತಿತ್ತು.

ಅದನ್ನು ಅಂಗೈ ಮೇಲೆ ಹರವಿಕೊಂಡು ಅಣ್ಣನ ಹತ್ತಿರ ಹೋದಳು. "ನೀರು ಬರಲಿ ಪರವಾಗಿಲ್ಲ. ಜೊತೇಲಿ ಏರಿ ಮಣ್ಣೂ ಬರ್ತಿದೆ. ಅಂದ್ರೆ ಒಳಗೆ ಅಷ್ಟು ಖಾಲಿಯಾಗ್ತಿದೆ ತಾನೆ?"

ಅಣ್ಣ ಅಡುಗೆಯವರೆದುರು ನಕ್ಕುಬಿಟ್ಟ. "ನೋಡ್ರಪ್ಪ, ಇಷ್ಟು ದಿನ ಹಾಲಲ್ಲಿ ನೀರು ಹುಡುಕ್ತಿದ್ಲು. ಈಗ ನೀರಲ್ಲಿ ಮಣ್ಣು ಹುಡುಕ್ತಿದಾಳೆ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಅಕ್ಕ ನಗು ಮುಗಿಯುವವರೆಗೆ ನಿಂತಿದ್ದು, ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದಳು. ನಮ್ಮ ಹಿಂದಿನ ರಸ್ತೆಯಲ್ಲಿ ಕೆರೆ ಕಟ್ಟೆಗಳ ಕೆಲಸ ಮಾಡಿ ರಿಟೈರಾದ ಒಬ್ಬ ಓವರ್ಸಿಯರು ಇದ್ದರು.

"ಅವರನ್ನ ಹೋಗಿ ಕೇಳ್ಕೊಂಡು ಬಾ. ಅವರು ಪರವಾಗಿಲ್ಲ ಅಂದ್ರೆ ನಾನು ಬಾಯಿ ಮುಚ್ಕೋತೀನಿ. ಭಾನುವಾರ ಮಕ್ಕಳು ಮರೀ ಎಲ್ಲಾ ಈ ಏರಿ ಕೆಳಗೇ ಕೂತು ಊಟ ಮಾಡೋದು ಕಣೋ."

ಹೋಗುತ್ತೇನೆಂದು ಹೊರಟೆ. ದಾರಿಯುದ್ದಕ್ಕೂ ನನಗೆ ಅಕ್ಕನ ಮೇಲೆಯೇ ಅನುಮಾನ. ಮನೆಯಲ್ಲಿ ಇಷ್ಟು ದೊಡ್ಡ ಶುಭಕಾರ್ಯ, ಓಡಾಟವೆಲ್ಲ ಅತ್ತಿಗೆಯದು. ವಿಧವೆ ಎಂದು ಅಕ್ಕನನ್ನು ವೀಳ್ಯದ ತಟ್ಟೆಯ ಹತ್ತಿರ ಯಾರೂ ಕರೆಯುವುದಿಲ್ಲ. ಅದಕ್ಕೇ ಏನೋ ಒಂದು ಕೊಕ್ಕೆ ತೆಗೆಯುತ್ತಿದ್ದಾಳೆ ಅನ್ನಿಸಿತು. ಇನ್ನೊಂದು ಭಯವೂ ಇತ್ತು. ಓವರ್ಸಿಯರು ನೋಡಲು ಬಂದರೆ ಮೊದಲು ಕಣ್ಣಿಗೆ ಬೀಳುವುದು ಕೋಡಿಯ ಮೇಲಿನ ನನ್ನ ಗೋಣಿಚೀಲಗಳು. ನಾನು ಅವರ ಮನೆಗೆ ಹೋಗಲಿಲ್ಲ. ಗಾಂಧಿಬಜಾರಿನ ಒಂದು ಹೋಟೆಲಿನಲ್ಲಿ ಕೂತು ಕಾಫಿ ಕುಡಿದು, ಇನ್ನೊಂದು ಕಾಫಿ ಕುಡಿದು, ಮನೆಗೆ ಬಂದೆ.

ಅಕ್ಕ ಜಗಲಿಯಲ್ಲೇ ಕಾಯುತ್ತಿದ್ದಳು.

"ಸಿಕ್ಕಿದ್ರಾ?"

"ಸಿಕ್ಕಿದ್ರು. ಹಳೇ ಏರಿ ಅಂದ್ಮೇಲೆ ಸ್ವಲ್ಪ ಜಿನುಗುತ್ತೆ, ಏನೂ ಇಲ್ಲ ಅಂದ್ರು."

"ಕೆಂಪು ಮಣ್ಣು ಬರ್ತಿದೆ ಅಂತ ಹೇಳ್ದ್ಯಾ?"

"ಹೇಳ್ದೆ. ಅದಕ್ಕೂ ಏನೂ ಇಲ್ಲ ಅಂದ್ರು."

"ಏರಿ ಎಷ್ಟು ಎತ್ತರ, ಎಲ್ಲಿ ಜಿನುಗ್ತಿದೆ, ಯಾವಾಗಿಂದ, ಏನೂ ಕೇಳಲಿಲ್ವಾ ನಿನ್ನ?"

"ಇಲ್ಲ."

ಅವಳು ನನ್ನ ಮುಖ ನೋಡಿದಳು. "ಕೆಲಸ ಗೊತ್ತಿರೋ ಮನುಷ್ಯ ಒಂದು ಮಾತೂ ಕೇಳದೆ ಹೇಳಿಬಿಟ್ರಾ" ಎಂದಳು. ಅದು ಪ್ರಶ್ನೆಯಾಗಿರಲಿಲ್ಲ. ಎದ್ದು ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಪಾತ್ರೆ ಪರಡಿಯ ಗಾಡಿಯಲ್ಲಿ ಅವಳು ಎಲ್ಲರಿಗಿಂತ ಮುಂಚೆ ತೋಟಕ್ಕೆ ಹೋದಳು. ಮಾಲಿ ಬಾಳೆ ಎಲೆ ಕೊಯ್ಯಲು ಹೋಗಿದ್ದಾಗ ಹಾರೆ ತೆಗೆದುಕೊಂಡು ತೂಬಿನ ಬೆಣೆಯನ್ನು ಮೀಟಿ ಎತ್ತಿಬಿಟ್ಟಳು. ಸುದ್ದಿ ತಿಳಿದು ಅಣ್ಣನೂ ನಾನೂ ಓಡಿಹೋಗುವಷ್ಟರಲ್ಲಿ ನೀರು ಒಂದಾಳುದ್ದಕ್ಕಿಂತ ಹೆಚ್ಚು ಇಳಿದಿತ್ತು. ಅವಳು ತೂಬಿನ ಕಲ್ಲಿನ ಮೇಲೆ ಕೂತಿದ್ದಳು. ಸೀರೆಯೆಲ್ಲ ಒದ್ದೆ, ಅಂಗೈ ಕಿತ್ತು ರಕ್ತ.

"ಬೆಣೆ ಎಲ್ಲಕ್ಕಾ?" ಎಂದು ಅಣ್ಣ ಕೂಗಿದ.

"ನೀರಿಗೆ ಬಿಟ್ಟೆ. ಹೋಯ್ತು."

"ಯಾರು ಹೇಳಿದ್ರು ನಿನಗೆ ತೆಗಿ ಅಂತ?"

"ಯಾರೂ ಇಲ್ಲ. ನಾನೇ ತೆಗೆದೆ. ನೀರು ಮತ್ತೆ ತುಂಬುತ್ತೆ, ಮಳೆ ಬಂದ್ರಾಯ್ತು. ನಾಳೆ ಮಕ್ಕಳು ಊಟ ಮಾಡ್ಕೊಂಡು ಮನೆಗೆ ಹೋಗ್ಲಿ."

ಭಾನುವಾರ ಬೀಗರು ಬಂದರು. ಕೆರೆಯ ಜಾಗದಲ್ಲಿ ಕೆಸರು. ಒದ್ದಾಡಿ ಸತ್ತ ಮೀನು, ಮೇಲೆ ಹದ್ದು. ದೋಣಿ ಒಂದು ಮಗ್ಗುಲಿಗೆ ವಾಲಿಕೊಂಡು ಕೂತಿತ್ತು. ಗಂಡಿನ ಸೋದರಮಾವ ಮೂಗಿಗೆ ಪಂಚೆ ಒತ್ತಿಕೊಂಡು, "ಏನು ಸಾಹುಕಾರ್ರೆ, ದೋಣಿ ಹತ್ತಿಸ್ತೀವಿ ಅಂದಿದ್ರಿ. ಎತ್ತು ಕಟ್ಟಿ ಎಳೆಸ್ತೀರಾ?" ಎಂದ. ಎಲ್ಲರಿಗಿಂತ ಹೆಚ್ಚಾಗಿ ಗಂಡಿನ ತಾಯಿಗೆ ಮನಸ್ಸು ಕೆಟ್ಟಿತು. ವೀಳ್ಯದ ಹಿಂದಿನ ದಿನ, ತುಂಬಿದ ನೀರನ್ನು, ಮನೆಯ ವಿಧವೆ ಹೆಂಗಸು ಚೆಲ್ಲಿದ್ದಾಳೆ. "ಆಮೇಲೆ ಹೇಳಿ ಕಳಿಸ್ತೀವಿ" ಎಂದು ಹೋದರು. ಹೇಳಿ ಕಳಿಸಲಿಲ್ಲ.

ಸೋಮವಾರ ಅಣ್ಣ ನನ್ನನ್ನು ತೋಟಕ್ಕೆ ಕಳಿಸಿದ, ಹೊಸ ಬೆಣೆ ಮಾಡಿಸಿ ಹಾಕಿಸುವುದಕ್ಕೆ. ಮಾಲಿಯ ಜೊತೆ ಕೆಸರಿನಲ್ಲಿ ಇಳಿದು ಏರಿಯ ಒಳಮಗ್ಗುಲನ್ನು ನೋಡುತ್ತ ಹೋದೆ. ನೀರಿದ್ದಾಗ ಮುಳುಗಿರುತ್ತಿದ್ದ ಜಾಗದಲ್ಲಿ, ಜಿನುಗುತ್ತಿದ್ದ ಕಡೆಗೆ ಸರಿಯಾಗಿ ಎದುರಿಗೆ, ಒಂದು ತೂತು. ನನ್ನ ತಲೆ ಹಿಡಿಸುವಷ್ಟು ದೊಡ್ಡದು. ಮಾಲಿ ಒಂದು ಗಳ ತಂದು ತೂರಿಸಿದ. ಅದು ಹೋಗುತ್ತಲೇ ಇತ್ತು. ಇಡೀ ಗಳ ಒಳಗೆ ಹೋಗಿ ಅವನ ಮುಷ್ಟಿ ಮಣ್ಣಿಗೆ ತಾಗಿತು.

"ಹೆಗ್ಗಣದ್ದೋ ಏಡೀದೋ ಬಿಲ ಇತ್ತು ಬುದ್ಧಿ, ನೀರು ಮೇಲಕ್ಕೇರಿ ಅದನ್ನ ಕೊರೆದದೆ" ಎಂದ. "ಆಚೆ ಕಡೆ ಒಂದು ಮೊಳ ಮಣ್ಣು ಉಳಿದಿರ್ಬೇಕು, ಅಷ್ಟೆ. ಇವತ್ತಲ್ಲ ನಾಳೆ ಕಿತ್ಕೊಂಡು ಹೋಗ್ತಿತ್ತು."

ನಾನು ಏರಿಯ ಮೇಲೆ ಹತ್ತಿ ಆಚೆ ನೋಡಿದೆ. ಕೆಳಗೆ ಶಾಮಿಯಾನದವರು ಇನ್ನೂ ಬಿಚ್ಚದ ಕಂಬಗಳು ಇದ್ದವು. ಅದರಾಚೆ ಹಳ್ಳದ ದಂಡೆಯಲ್ಲಿ ಇಟ್ಟಿಗೆ ಗೂಡಿನ ಕೂಲಿಯವರ ಗುಡಿಸಲುಗಳು, ಹೊಗೆ, ಒಣಗಲು ಹಾಕಿದ ಬಟ್ಟೆ. ಅಷ್ಟು ದಿನವೂ ಅವು ಅಲ್ಲೇ ಇದ್ದವು. ನಾನು ನೋಡಿರಲಿಲ್ಲ.

"ಅಕ್ಕಾರ ಪುಣ್ಯ" ಎಂದ ಮಾಲಿ.

"ನೀನು ಯಾರಿಗೂ ಹೇಳ್ಬೇಡ" ಎಂದೆ.

ಸಂಜೆಯವರೆಗೆ ಇಬ್ಬರೇ ಜೇಡಿಮಣ್ಣು ಕಲಸಿ ತುಂಬಿ, ದಮ್ಮಸ್ಸು ಮಾಡಿ ತೂತು ಮುಚ್ಚಿದೆವು. ಕೋಡಿಯ ಮೇಲಿನ ಚೀಲಗಳನ್ನು ಕಿತ್ತು ಬಿಸಾಡಿಸಿದೆ. ಅಣ್ಣ ಕೇಳಿದರೆ ಕೊಳೆತುಹೋಗಿದ್ದವು ಎಂದರಾಯಿತು.

ಮನೆಗೆ ಬಂದಾಗ ನಡುಮನೆಯಲ್ಲಿ ಪಂಚಾಯಿತಿ ನಡೆದಿತ್ತು. ಅತ್ತಿಗೆ ಅಳುತ್ತಿದ್ದರು. ಅಣ್ಣ ನಿಂತು ಕೂಗುತ್ತಿದ್ದ: "ನನ್ನ ಮಗಳ ಬಾಳಿಗೆ ಕಲ್ಲು ಹಾಕ್ದೆ. ನಿನಗೆ ಇಲ್ದಿದ್ದು ಇನ್ನೊಬ್ಬರಿಗೂ ಬೇಡ ಅಂತ ತಾನೆ?" ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅತ್ತೆ ಹಾಗಲ್ಲ ಅಪ್ಪಾಜಿ" ಎಂದರೆ, "ಒಳಗೆ ಹೋಗು" ಎಂದು ಗದರಿದ.

ಅಕ್ಕ ಕಂಬಕ್ಕೆ ಒರಗಿ ಕೂತಿದ್ದಳು. ನಾನು ಒಳಗೆ ಬರುತ್ತಲೇ ಅವಳ ಕಣ್ಣು ನನ್ನ ಕೈಗೆ ಹೋಯಿತು. ಕೈಕಾಲು ತೊಳೆದುಕೊಂಡೇ ಬಂದಿದ್ದೆ. ಉಗುರಿನ ಸಂದಿಯಲ್ಲಿ ಜೇಡಿಮಣ್ಣು ಉಳಿದಿತ್ತು.

"ಏರಿ ಒಳಗಡೆ ನೋಡ್ದ್ಯೇನೋ?" ಎಂದು ಕೇಳಿದಳು. "ಏನಾದ್ರೂ ಕಂಡ್ತಾ?"

ಅಣ್ಣನೂ ಕೂಗು ನಿಲ್ಲಿಸಿ ನನ್ನ ಕಡೆ ತಿರುಗಿದ. ತೂತು ಇತ್ತು ಎಂದರೆ, ಓವರ್ಸಿಯರರ ಹೆಸರಿನಲ್ಲಿ ನಾನು ಹೇಳಿದ ಸುಳ್ಳು ಹೊರಗೆ ಬರುತ್ತದೆ. ನಾನು ಚೀಲ ಅಡುಕಿ ನೀರೇರಿಸಿದ್ದರಿಂದಲೇ ಏರಿ ಕೊರೆದದ್ದು ಎಂಬುದು ಬರುತ್ತದೆ. ಅಣ್ಣ ಬೆನ್ನು ತಟ್ಟಿದ್ದು ಒಂದೇ ಸಲ. ಅದೂ ಹೋಗುತ್ತದೆ.

"ಏನೂ ಇಲ್ಲ" ಎಂದೆ.

ಅಕ್ಕ ತಲೆಯಾಡಿಸಿದಳು. ಸೊಂಟದಿಂದ ಬೀಗದ ಕೈ ಗೊಂಚಲನ್ನು ಬಿಚ್ಚಿದಳು. ಗಾಯದ ಅಂಗೈಯಿಂದ ಬಿಚ್ಚಲು ಹೊತ್ತು ಹಿಡಿಯಿತು. ಯಾರೂ ಸಹಾಯಕ್ಕೆ ಹೋಗಲಿಲ್ಲ. ಅದನ್ನು ಅತ್ತಿಗೆಯ ಮುಂದೆ ನೆಲದ ಮೇಲೆ ಇಟ್ಟು, "ತಗೋಮ್ಮ" ಎಂದು ಎದ್ದುಹೋದಳು.

ಅಂದಿನಿಂದ ಅವಳು ಏನನ್ನೂ ಪರೀಕ್ಷೆ ಮಾಡಲಿಲ್ಲ. ಹಾಲಿನವನು ನೀರಾದ ಹಾಲು ತಂದು ಸುರಿದು, ಅಭ್ಯಾಸಬಲದಿಂದ ಒಂದು ಗಳಿಗೆ ನಿಂತು ನೋಡುತ್ತಿದ್ದ. ಅಕ್ಕ ಚೊಂಬು ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು. ಅನ್ನದಲ್ಲಿ ಕಲ್ಲು ಸಿಕ್ಕರೆ ಪಕ್ಕಕ್ಕಿಟ್ಟು ಊಟ ಮುಂದುವರಿಸುತ್ತಿದ್ದಳು. ಉಗ್ರಾಣದಲ್ಲಿ ಎಣ್ಣೆ ಕನರು ವಾಸನೆ ಹೊಡೆಯುತ್ತಿತ್ತು. ಒಂದು ದಿನ ಅಣ್ಣನೇ ತಡೆಯಲಾರದೆ, "ಅಕ್ಕ, ಈ ಬೇಳೆ ಸ್ವಲ್ಪ ನೋಡು, ಹುಳ ಆಡ್ತಿರೋ ಹಾಗಿದೆ" ಎಂದ. ಅವಳು ನೋಡದೆಯೇ, "ಏನೂ ಇರಲ್ಲ ಬಿಡಪ್ಪ" ಎಂದಳು. ಆ ಮಾತು ಅವಳ ಬಾಯಲ್ಲಿ ಕೇಳಿದ ದಿನ ನನಗೆ ಊಟ ಸೇರಲಿಲ್ಲ.

ಹೇಳಿಬಿಡಬೇಕೆಂದು ಎಷ್ಟೋ ಸಲ ಹೊರಟಿದ್ದೇನೆ. ಅಣ್ಣನ ಮಗಳಿಗೆ ಬೇರೆ ಕಡೆ ಮದುವೆಯಾಯಿತು, ಸುಖವಾಗಿಯೇ ಇದ್ದಳು. ಈಗ ಹೇಳಬಹುದು ಎನ್ನಿಸಿತು. ಆದರೆ ಅಷ್ಟರಲ್ಲಿ ಅಕ್ಕ ತೂಬು ತೆಗೆದದ್ದು ನಮ್ಮ ನೆಂಟರಲ್ಲಿ ಒಂದು ತಮಾಷೆಯ ಕಥೆಯಾಗಿತ್ತು. ಎಲ್ಲರೂ ನಕ್ಕು ಮರೆತದ್ದನ್ನು ಏಕೆ ಕೆದಕುವುದು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಮರೆತಿರಲಿಲ್ಲ. ನಕ್ಕಿದ್ದರು, ಅಷ್ಟೆ.

ಕೆರೆ ಮತ್ತೆ ತುಂಬಿತು. ಮತ್ತೆ ಭಾನುವಾರಗಳು, ದೋಣಿ, ಮಕ್ಕಳು. ಮಾಲಿ ತನ್ನ ಊರಿಗೆ ಹೋದವನು ತಿರುಗಿ ಬರಲಿಲ್ಲ. ನಾವಿಬ್ಬರು ಮುಚ್ಚಿದ ತೂತಿನ ವಿಷಯ ತಿಳಿದವನು ನಾನೊಬ್ಬನೇ ಉಳಿದೆ. ಜೋರು ಮಳೆ ಬಂದರೆ ಅಂಗಡಿ ಬಿಟ್ಟು ತೋಟಕ್ಕೆ ಓಡುತ್ತಿದ್ದೆ. ಏರಿಯ ಬುಡದಲ್ಲಿ ಬಗ್ಗಿ ನೋಡುವುದು, ಮಣ್ಣು ಮುಟ್ಟಿ ನೋಡುವುದು, ಮೂಸುವುದು. ಹಸಿರು ಹುಲ್ಲು ಕಂಡರೆ ಅಲ್ಲೇ ಕೂತು ಬೆರಳಿಂದ ಕೆದಕುತ್ತಿದ್ದೆ. ಹಕ್ಕಿ ಕೂತು ಮಣ್ಣು ಉದುರಿದರೂ ಅನುಮಾನ. ಅಣ್ಣ ಮಾತ್ರ, "ಇವನಿಗೆ ತೋಟ ಅಂದ್ರೆ ಪ್ರಾಣ" ಎಂದು ಎಲ್ಲರಿಗೂ ಹೇಳುತ್ತಿದ್ದ.

ಈ ವರ್ಷ ಬೇಸಿಗೆಯ ಕೊನೆಯಲ್ಲಿ ಅಕ್ಕ ಲಿಂಗೈಕ್ಯಳಾದಳು. ಹೆಚ್ಚು ದಿನ ಮಲಗಲಿಲ್ಲ. ಕೊನೆಯ ದಿನಗಳಲ್ಲಿ ನಾನು ಔಷಧಿ ಕುಡಿಸುತ್ತಿದ್ದೆ. ಏನು, ಎತ್ತ ಎಂದು ಕೇಳದೆ ಬಾಯಿ ತೆರೆಯುತ್ತಿದ್ದಳು.

ಶಿವಗಣಾರಾಧನೆಯ ದಿನ ಹಿತ್ತಿಲಲ್ಲಿ ಪಂಕ್ತಿ ಕೂತಿತ್ತು. ನಾನು ಸಾರು ಬಡಿಸುತ್ತಿದ್ದೆ. ಸಾಲಿನಲ್ಲಿದ್ದ ದಾಯಾದಿ ಒಬ್ಬ, "ಏನೇ ಅನ್ನಿ, ಒಂದು ಕೆರೇನೇ ಬರಿದು ಮಾಡಿದ ಮಹಾತಾಯಿ" ಎಂದ. ಪಕ್ಕದವನು, "ಅಲ್ಲೂ ಶಿವನ ಜಟೆ ಹಿಂಡಿ ನೋಡ್ತಿರ್ತಾಳೆ, ಗಂಗೇಲಿ ಮಣ್ಣಿದ್ಯಾ ಅಂತ" ಎಂದ. ಸಾವಿನ ಮನೆಯೆಂದು ದನಿ ತಗ್ಗಿಸಿಯೇ ನಕ್ಕರು. ಅಣ್ಣನ ಮಗಳು ಊರಿಂದ ಬಂದಿದ್ದಳು. ಅನ್ನದ ಬುಟ್ಟಿ ಹಿಡಿದು ನನ್ನ ಹಿಂದೆ ನಿಂತಿದ್ದಳು. ಅವಳು ಮೆಲ್ಲಗೆ, "ಚಿಕ್ಕಪ್ಪ, ಅತ್ತೆಗೆ ನಿಜವಾಗ್ಲೂ ನನ್ನ ಮೇಲೆ ಹೊಟ್ಟೆಯುರಿ ಇತ್ತಾ?" ಎಂದು ಕೇಳಿದಳು.

ಅಷ್ಟು ವರ್ಷ ಅವಳ ಮನಸ್ಸಿನಲ್ಲಿ ಅದು ಹಾಗೆ ಉಳಿದಿರಬಹುದೆಂದು ನನಗೆ ಹೊಳೆದಿರಲಿಲ್ಲ. ಸಾರಿನ ಸೌಟು ಹಿಡಿದುಕೊಂಡೇ ಹೇಳಿದೆ, ಪಂಕ್ತಿಯೆಲ್ಲ ಕೇಳುವ ಹಾಗೆ. ತೂತು ಇತ್ತು, ಇಡೀ ಗಳ ಹೋಯಿತು, ನಾನೇ ಮುಚ್ಚಿದೆ. ಓವರ್ಸಿಯರರ ಮನೆಗೆ ಹೋಗಿರಲಿಲ್ಲ. ಚೀಲ ಅಡುಕಿದ್ದು ನಾನು. ಅವಳು ತೂಬು ತೆಗೆಯದಿದ್ದರೆ ಇಲ್ಲಿ ಕೂತವರಲ್ಲಿ ಎಷ್ಟೋ ಜನ ಆವತ್ತು ಏರಿಯ ಕೆಳಗೆ ಕೊಚ್ಚಿಹೋಗುತ್ತಿದ್ದಿರಿ.

ಕಲಸಿದ ತುತ್ತುಗಳು ಎಲೆಯ ಮೇಲೆ ನಿಂತವು. ಅಣ್ಣ ಸಾಲಿನ ತುದಿಯಲ್ಲಿದ್ದ. "ಅನ್ನ ಆರ್ತಿದೆ, ಬಡಿಸು" ಎಂದ. ಬಡಿಸಿದೆ.

ಊಟವಾದ ಮೇಲೆ ಬಾವಿಕಟ್ಟೆಯಲ್ಲಿ ಕೈ ತೊಳೆಯುತ್ತ ಅವನು ನನ್ನ ಕಡೆ ನೋಡದೆ ಕೇಳಿದ: "ಇಷ್ಟು ವರ್ಷ ಬಾಯಲ್ಲಿ ಏನಿಟ್ಕೊಂಡಿದ್ದೆ? ಈಗ ಹೇಳಿದ್ದೇನು, ಅವಳಿಗೆ ಕೇಳ್ಸಲ್ಲ ಅಂತಾನಾ?"

ನಾನು ಅವನ ಕೈಗೆ ಇನ್ನೊಂದು ಚೊಂಬು ನೀರು ಹುಯ್ದೆ.

"ಏರಿ ಈಗ ಹೇಗಿದೆ?"

"ಗೊತ್ತಿಲ್ಲ ಅಣ್ಣ. ನಮ್ಮ ಕೈಲಾದಷ್ಟು ಮುಚ್ಚಿದ್ವಿ. ಪ್ರತಿ ಮಳೇಲೂ ಭಯ."

"ಕೆಳಗಡೆ ಜನ ಇದಾರಲ್ಲ. ಅವರಿಗೆ ಗೊತ್ತಾ?"

"ಇಲ್ಲ."

"ನಡಿ" ಎಂದು ಕೋಟು ಹಾಕಿಕೊಂಡ. ಬಂದ ನೆಂಟರನ್ನು ಬಿಟ್ಟು ಜಟಕಾ ಹತ್ತಿದೆವು. ಹಿಂದಿನ ವಾರ ಮೊದಲ ಮಳೆ ಬಿದ್ದು ಹೊಲಗಳು ಕೆಂಪಗಾಗಿದ್ದವು.

ತೋಟಕ್ಕೆ ಹೋಗದೆ ನೇರವಾಗಿ ಹಳ್ಳದ ದಂಡೆಗೆ ಇಳಿದೆವು. ಗುಡಿಸಲುಗಳು ಈಗ ಹೆಚ್ಚಾಗಿದ್ದವು. ಒಬ್ಬ ವಯಸ್ಸಾದ ಹೆಂಗಸು ಒಲೆ ಊದುತ್ತಿದ್ದಳು. ಅಣ್ಣ ಅವಳ ಮುಂದೆ ನಿಂತು, ಹೇಗೆ ಶುರು ಮಾಡಬೇಕೆಂದು ತಿಳಿಯದೆ, "ನೋಡಮ್ಮ, ಆ ಮೇಲಿನ ಏರಿ ನಮ್ಮದು. ಅದು ಗಟ್ಟಿಯಾಗಿಲ್ಲ. ನಾಳೆಯಿಂದ ನೀರು ಬಿಡಿಸಿ ಒಡೆಸ್ತೀನಿ. ಅಲ್ಲೀತನಕ ನೀವು ಯಾರೂ ಇಲ್ಲಿ ಮಲಗಬೇಡಿ" ಎಂದ.

ಅವಳು ಎದ್ದು ನಿಂತು ಸೆರಗು ಸರಿಮಾಡಿಕೊಂಡಳು. "ಗೊತ್ತು ಸ್ವಾಮಿ. ಮೋಡ ಕಟ್ಟಿದ ದಿನ ನಾವ್ಯಾರೂ ಇಲ್ಲಿ ಮಲಗಕಿಲ್ಲ. ಮಕ್ಕಳನ್ನೆಲ್ಲ ಎತ್ಕೊಂಡು ಆ ದಿಣ್ಣೆ ಮ್ಯಾಲಕ್ಕೆ ಹೋಗ್ತೀವಿ. ನಿಮ್ಮನೆ ಅಕ್ಕಾರು ಹೇಳವ್ರಲ್ಲ."

"ಯಾವ ಅಕ್ಕಾರು?"

"ಅದೇ, ಬಿಳೀ ಸೀರೆಯೋರು. ಮೊದಲ್ನೇ ಮಳೆ ಬಿದ್ಮ್ಯಾಲೆ ವರ್ಸಾ ವರ್ಸಾ ಬರೋರು, ನಡ್ಕೊಂಡೇ. ಹೊಸ್ದಾಗಿ ಬಂದೋರ ಗುಡಿಸ್ಲಿಗೆಲ್ಲ ಹೋಗಿ ಹೇಳೋರು."

ಬಸವನ ಗುಡಿಗೆ ಹೋಗಿ ಬರುತ್ತೇನೆ ಎಂದು ಅವಳು ವರ್ಷಕ್ಕೊಮ್ಮೆ ಇಡೀ ದಿನ ಮನೆ ಬಿಡುತ್ತಿದ್ದುದು ನಮಗೆ ಗೊತ್ತಿತ್ತು. ಅಷ್ಟು ಹೊತ್ತು ಗುಡಿಯಲ್ಲಿ ಏನು ಮಾಡುತ್ತಾಳೆಂದು ಅತ್ತಿಗೆಗೆ ಅನುಮಾನವಿತ್ತು. ನನಗೂ ಇತ್ತು.

"ನೀವು ನಂಬಿದ್ರಾ ಅವರ ಮಾತನ್ನ?" ಎಂದು ಅಣ್ಣ ಕೇಳಿದ.

ಆ ಹೆಂಗಸಿಗೆ ಪ್ರಶ್ನೆ ಅರ್ಥವಾದಂತೆ ಕಾಣಲಿಲ್ಲ. "ನಂಬ್ದೆ ಏನು ಸ್ವಾಮಿ? ಅಷ್ಟು ದೂರದಿಂದ ನಡ್ಕೊಂಡು ಬಂದು ಯಾರಾದ್ರೂ ಸುಳ್ಳು ಹೇಳ್ತಾರಾ?" ಎಂದಳು. ಆಮೇಲೆ ನಮ್ಮ ಹಿಂದೆ, ಜಟಕಾದ ಕಡೆ, ಇನ್ನೂ ಯಾರಾದರೂ ಇಳಿಯುವರೇ ಎಂದು ಇಣುಕಿ ನೋಡಿದಳು.

"ಮಳೆ ಬಿದ್ದು ವಾರ ಆಯ್ತು. ಅಕ್ಕಾರು ಯಾಕೆ ಈ ಸಲ ಬರ್ನಿಲ್ಲ?"

ಅಣ್ಣ ಮುಖ ತಿರುಗಿಸಿದ. ಹೇಳಬೇಕಾದವನು ನಾನಾಗಿದ್ದೆ. ಹೇಳಿದೆ.